ಗೊಮ್ಮಟನೆಂಬ ಮನುಷ್ಯ, ಚನ್ನರಾಯನೆಂಬ ಊರು



ಊರಿಗೆ ಹೆಸರು ಹೇಗೆ ಬಂತು ಎಂಬುದರಲ್ಲಿ ನಮಗೆ ಇರುವ ಕುತೂಹಲ ದೊಡ್ಡದು. ಒಂದೊಂದು ಊರಿಗೆ ಎರಡು ಮೂರು ಸ್ಥಳಪುರಾಣಗಳಿವೆ. ಮನುಷ್ಯರ ಹೆಸರಿಗೆ ಆ ಭಾಗ್ಯ ಒದಗಿಲ್ಲ. ನಾಮಕರಣದ ಹೊತ್ತಿಗೆ ಹೆಸರಿನ ಅರ್ಥವೇನೆಂದು ಕೇಳುತ್ತೇವೆ, ಬಲ್ಲವರೊಬ್ಬರು ಸಂಸ್ಕೃತದ ಒಂದು ಪದ ಹೇಳುತ್ತಾರೆ, ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಹೆಸರಿನ ಅರ್ಥ ಹುಡುಕುವ ಬಗೆ ಇದಲ್ಲ ಎಂಬುದು ಈ ಉಪನ್ಯಾಸದ ವಾದ. ಹೆಸರು ಯಾರಿಂದ ಹೊರಟು ಯಾರನ್ನು ಸೇರಿತು, ಯಾವ ಋಣದ ಮೇಲೆ ಸೇರಿತು ಎಂದು ಗೊತ್ತಾದಾಗಲೇ ಅದರ ಅರ್ಥ ತಿಳಿಯುವುದು. ಇದನ್ನು ತೋರಿಸಲು ನಮ್ಮ ಹಾಸನ ಜಿಲ್ಲೆಯ ಒಂದೇ ತಾಲ್ಲೂಕಿನ ಎರಡು ಹೆಸರುಗಳನ್ನು ಆರಿಸಿಕೊಂಡಿದ್ದೇನೆ: ಶ್ರವಣಬೆಳಗೊಳದ ಗೊಮ್ಮಟ, ಚನ್ನರಾಯಪಟ್ಟಣದ ಚನ್ನರಾಯ. ಎರಡಕ್ಕೂ ನಿಘಂಟು ಕೊಡುವ ಅರ್ಥ ಹೆಚ್ಚುಕಡಿಮೆ ಒಂದೇ, ಚೆಲುವ. ಆದರೆ ಒಂದು ಹೆಸರು ದೇವರಿಂದ ಮಗುವಿಗೆ ಇಳಿಯಿತು; ಇನ್ನೊಂದು, ನಾನು ತಿಳಿದ ಮಟ್ಟಿಗೆ, ಮನುಷ್ಯನಿಂದ ದೇವರಿಗೆ ಏರಿತು. ನಿಘಂಟಿನ ಕಣ್ಣಿಗೆ ಅವು ಅವಳಿಗಳು, ಚರಿತ್ರೆಯ ಕಣ್ಣಿಗೆ ಎದುರುಬದುರಾಗಿ ನಡೆದ ದಾರಿಹೋಕರು.

ಮೊದಲು ನಮ್ಮ ಕಡೆ ಹೆಸರಿಡುವ ರೂಢಿಯ ಬಗ್ಗೆ ನಾಲ್ಕು ಮಾತು. ಹೇಮಾವತಿಯ ಎರಡೂ ದಂಡೆಯ ಹಳ್ಳಿಗಳಲ್ಲಿ ಹೆಸರಿಗೆ ಮೂರು ಮೂಲಗಳಿದ್ದವು: ಮನೆದೇವರು, ಹೊತ್ತ ಹರಕೆ, ತೀರಿಹೋದ ಅಜ್ಜ ಅಥವಾ ಅಜ್ಜಿ. ರಂಗೇಗೌಡ, ನಂಜಮ್ಮ, ತಿಮ್ಮಯ್ಯ, ನರಸಿಂಹಯ್ಯ, ಚನ್ನಮ್ಮ ಎಲ್ಲವೂ ಈ ಮೂರರಲ್ಲಿ ಒಂದರಿಂದ ಬಂದವು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿ 1996ರಲ್ಲಿ ದೇಶದ ಪ್ರಧಾನಿಯಾದವರ ಪೂರ್ಣ ಹೆಸರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಊರು, ತಂದೆ, ತಾನು ಎಂಬ ಕ್ರಮದಲ್ಲಿ ನಿಂತಿರುವ ಈ ಹೆಸರನ್ನು ಪದಪದವಾಗಿ ಬಿಡಿಸಿದರೆ ದೊಡ್ಡವನು, ದೇವರು, ಗೌಡಿಕೆ ಎಂದೇನೋ ಕೈಗೆ ಬರುತ್ತದೆ, ಆದರೆ ಅದರಿಂದ ಯಾರ ವಿಷಯವೂ ತಿಳಿಯುವುದಿಲ್ಲ. ದೊಡ್ಡೇಗೌಡ ಎಂಬ ಹೆಸರು ಆಳಿನ ಎತ್ತರ ಹೇಳುವುದಿಲ್ಲ. ಹಿಂದೆ ಮುಂದೆ ಎಲ್ಲೋ ಒಬ್ಬ ಚಿಕ್ಕೇಗೌಡನೋ ಪುಟ್ಟೇಗೌಡನೋ ಇದ್ದಿರಬಹುದು ಎಂದು ಸೂಚಿಸುತ್ತದೆ, ಅಷ್ಟೆ. ಹೆಸರೆಂದರೆ ನೆಂಟಸ್ತಿಕೆಯ ಗುರುತು. ಕುಲದೇವರ ಜೊತೆಗೋ, ಹಿರಿಯರ ಜೊತೆಗೋ, ಊರಿನ ಜೊತೆಗೋ ಅದು ಯಾರನ್ನಾದರೂ ಕಟ್ಟಿಹಾಕಿರುತ್ತದೆ.

ಈ ಕಟ್ಟು ಎಷ್ಟು ಬಲವಾದದ್ದೆಂಬುದಕ್ಕೆ ಚನ್ನರಾಯಪಟ್ಟಣವೇ ಸಾಕ್ಷಿ. ಆ ಊರಿನ ಮೊದಲ ಹೆಸರು ಕೊಳತೂರು. ಅಗ್ರಹಾರವಿದ್ದ ಸಣ್ಣ ಹಳ್ಳಿ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಬರೆದಿಟ್ಟಿರುವ ಪ್ರಕಾರ, 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪನಾಯಕ ಈ ಊರನ್ನು ಪುಟ್ಟಗಿರಿಯ ಎಂಬ ಹೆಬ್ಬಾರನಿಂದ ವಶಪಡಿಸಿಕೊಂಡು ತನ್ನ ಮಗನಿಗೆ ಜಹಗೀರಾಗಿ ಕೊಟ್ಟ. ಆ ಮಗ ಹುಟ್ಟಿದ್ದು ಚನ್ನರಾಯಸ್ವಾಮಿಯ ಕೃಪೆಯಿಂದ ಎಂಬ ನಂಬಿಕೆ ತಂದೆಗಿತ್ತು. ಆದ್ದರಿಂದ ಮಗನ ಹೆಸರು ಚನ್ನರಾಯ. ಅಲ್ಲಿ ದೇವಸ್ಥಾನವೂ ಎದ್ದಿತು, ಕೊಳತೂರು ಚನ್ನರಾಯಪಟ್ಟಣವಾಯಿತು. ಕೋಟೆ ಬಂದದ್ದು ಆಮೇಲೆ, ಹೈದರಾಲಿಯ ಕಾಲದ ಕಂದಕ ಇನ್ನೂ ಆಮೇಲೆ. ದೇವರ ಹೆಸರು ಹರಕೆಯ ಮೂಲಕ ಮಗುವಿಗೆ ಬಂತು, ಅಪ್ಪನ ಅಧಿಕಾರದ ಮೂಲಕ ಮಗುವಿನಿಂದ ಊರಿಗೆ ಹೋಯಿತು. ಚೆಲುವು ಎಂಬ ಅರ್ಥ ಈ ವ್ಯವಹಾರದಲ್ಲಿ ಎಲ್ಲಿಯೂ ಬಾಯಿಹಾಕಲಿಲ್ಲ. ಹುಡುಗ ನೋಡಲು ಹೇಗಿದ್ದನೆಂದು ಯಾರೂ ಬರೆದಿಟ್ಟಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ. ತಂದೆ ಮಗನಿಗೆ ಇಟ್ಟದ್ದು ವರ್ಣನೆಯನ್ನಲ್ಲ, ಸಾಲದ ರಸೀದಿಯನ್ನು.

ಇದು ಗೆಜೆಟಿಯರ್ ಸೇರಿದ ಬಾಯಿಮಾತು, ಶಾಸನವಲ್ಲ ಎಂದು ಆಕ್ಷೇಪಿಸಬಹುದು. ಊರುಗಳ ಹುಟ್ಟಿನ ಕಥೆಗಳು ಹೆಸರನ್ನು ನೋಡಿ ಆಮೇಲೆ ಕಟ್ಟಿದವು ಎಂಬ ಸಂಶಯ ಎಲ್ಲ ಕಡೆಯೂ ಸಲ್ಲುತ್ತದೆ, ಇಲ್ಲಿಯೂ ಸಲ್ಲಲಿ. ಆದರೆ ಕಥೆಯನ್ನು ಕಟ್ಟಿದವರು ಬೇರೆ ಬಗೆಯಲ್ಲಿಯೂ ಕಟ್ಟಬಹುದಿತ್ತು: ಊರು ಚೆಲುವಾಗಿತ್ತು, ಅದಕ್ಕೇ ಆ ಹೆಸರು ಎನ್ನಬಹುದಿತ್ತು, ದೇವರು ಕನಸಿನಲ್ಲಿ ಬಂದು ತನ್ನ ಹೆಸರಿಡಲು ಹೇಳಿದ ಎಂದಿದ್ದರೂ ನಡೆಯುತ್ತಿತ್ತು. ಅದನ್ನೆಲ್ಲ ಬಿಟ್ಟು ದೇವರಿಗೂ ಊರಿಗೂ ನಡುವೆ ಒಂದು ಮಗುವನ್ನು ನಿಲ್ಲಿಸಿದರು. ಹೆಸರು ಹಾಗೆ ಹರಿಯುವುದೇ ಸಹಜ ಎಂದು ಈ ಸೀಮೆಯವರು ತಿಳಿದಿದ್ದರು ಎಂಬುದಲ್ಲದೆ ಈ ಆಯ್ಕೆಗೆ ಬೇರೆ ಕಾರಣವಿಲ್ಲ. ಕಥೆ ನಡೆದ ಸಂಗತಿಯಾಗಿದ್ದರೆ ಒಬ್ಬ ನಾಯಕನ ಮನಸ್ಸಿಗೆ ಸಾಕ್ಷಿ. ಕಟ್ಟಿದ್ದಾಗಿದ್ದರೆ ಇಡೀ ಸೀಮೆಯ ಮನಸ್ಸಿಗೆ.

ಇನ್ನು ದೇವರಿಗೇ ಆ ಹೆಸರು ಎಲ್ಲಿಂದ ಬಂತು? ಚನ್ನರಾಯ, ಚೆನ್ನಿಗರಾಯ, ಚೆನ್ನಕೇಶವ ಎಲ್ಲ ವಿಷ್ಣುವಿನ ಹೆಸರುಗಳೇ. ಇವುಗಳ ದೊಡ್ಡ ನೆಲೆ ಬೇಲೂರು. ವಿಷ್ಣುವರ್ಧನ 1117ರಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿಸಿದ ದೇವರಿಗೆ ಶಾಸನದಲ್ಲಿರುವ ಹೆಸರು ವಿಜಯನಾರಾಯಣ. ಅರಸನ ಗೆಲುವು ಆ ಹೆಸರಿನಲ್ಲೇ ಕೂತಿದೆ. ಪಕ್ಕದಲ್ಲಿ ರಾಣಿ ಶಾಂತಲೆ ಕಟ್ಟಿಸಿದ್ದು ಚೆನ್ನಿಗರಾಯನ ಗುಡಿ. ಇಂದು ದೊಡ್ಡ ಗುಡಿಯ ಸ್ವಾಮಿಯನ್ನು ವಿಜಯನಾರಾಯಣ ಎಂದು ಕರೆಯುವವರು ಶಾಸನ ಓದುವವರು ಮಾತ್ರ. ಉಳಿದವರಿಗೆಲ್ಲ ಅವನು ಚೆನ್ನಕೇಶವ. ಅರಸನ ಗೆಲುವಿನ ಹೆಸರನ್ನು ಜನ ಕೈಬಿಟ್ಟರು, ಕಣ್ಣಿಗೆ ಕಂಡ ಚೆಲುವಿನ ಹೆಸರನ್ನು ಇಟ್ಟುಕೊಂಡರು. ಇಂಥದೇ ಒಂದು ಅದಲುಬದಲು ಬೆಳಗೊಳದಲ್ಲಿ ಅದಕ್ಕಿಂತ ಮೊದಲೇ ನಡೆದಿತ್ತು.

ಬೆಳಗೊಳದ ಇಂದ್ರಗಿರಿಯ ಮೇಲಿನ 58 ಅಡಿಯ ಮೂರ್ತಿಯನ್ನು ಮಾಡಿಸಿದವನು ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ; ಸಾಮಾನ್ಯವಾಗಿ ಒಪ್ಪಿರುವ ವರ್ಷ 981. 1981ರಲ್ಲಿ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆದದ್ದು ಈ ಲೆಕ್ಕದ ಮೇಲೆಯೇ. ಮೂರ್ತಿಯ ಪಾದದ ಬಳಿ ಇರುವ ಚಿಕ್ಕ ಶಾಸನಗಳು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಗೆ ಹತ್ತಿರವಾದ ಭಾಷೆಯಲ್ಲಿ ಚಾವುಂಡರಾಯ ಇದನ್ನು ಮಾಡಿಸಿದ ಎಂದು ಹೇಳಿ ಸುಮ್ಮನಾಗುತ್ತವೆ. ದೇವರ ಹೆಸರನ್ನು ಎತ್ತುವುದೇ ಇಲ್ಲ. ಪುರಾಣಗಳ ಪ್ರಕಾರ ಇವನು ಋಷಭನಾಥನ ಮಗ ಬಾಹುಬಲಿ. 9ನೇ ಶತಮಾನದ ಜಿನಸೇನರಿಗೂ 941ರಲ್ಲಿ ಆದಿಪುರಾಣ ಬರೆದ ಪಂಪನಿಗೂ ಗೊತ್ತಿದ್ದ ಹೆಸರು ಬಾಹುಬಲಿ, ಭುಜಬಲಿ. ಗೊಮ್ಮಟ ಎಂಬ ಪದ ಅವರಲ್ಲಿಲ್ಲ. ಮೂರ್ತಿ ನಿಂತ ಹತ್ತಾರು ವರ್ಷದೊಳಗೆ, 993ರಲ್ಲಿ, ರನ್ನ ಅಜಿತಪುರಾಣದಲ್ಲಿ ತನ್ನ ಆಶ್ರಯದಾತೆ ಅತ್ತಿಮಬ್ಬೆ ದರ್ಶನ ಪಡೆದದ್ದನ್ನು ಹೇಳುವಾಗಲೂ ದೇವರು ಕುಕ್ಕುಟೇಶ್ವರನೇ. ಪೌದನಪುರದಲ್ಲಿ ಅಣ್ಣ ಭರತ ಮಾಡಿಸಿದ ಬಾಹುಬಲಿಯ ಮೂರ್ತಿಯನ್ನು ಕುಕ್ಕುಟಸರ್ಪಗಳು ಸುತ್ತುವರಿದಿದ್ದವೆಂಬ ಕಥೆಯಿಂದ ಬಂದ ಹೆಸರು ಅದು. 12ನೇ ಶತಮಾನಕ್ಕೆ ಬನ್ನಿ: ಹೊಯ್ಸಳರ ದಂಡನಾಯಕ ಗಂಗರಾಜ ಮೂರ್ತಿಯ ಸುತ್ತ ಸುತ್ತಾಲಯ ಕಟ್ಟಿಸುವ ಹೊತ್ತಿಗೆ, 1180ರ ಸುಮಾರಿಗೆ ಬೊಪ್ಪಣ ಪಂಡಿತ ತನ್ನ ಶಾಸನಕಾವ್ಯ ಬರೆಯುವ ಹೊತ್ತಿಗೆ ದೇವರು ನಿಸ್ಸಂಶಯವಾಗಿ ಗೊಮ್ಮಟ. ಈ ನಡುವೆ ಹೆಸರು ಬದಲಾಗಿದೆ. ಹೊಸ ಹೆಸರು ಯಾರದು?

ಇಲ್ಲಿ ಇಬ್ಬರು ದೊಡ್ಡ ವಿದ್ವಾಂಸರು ಎದುರುಬದುರಾದರು. ಒಬ್ಬರು ಮಂಜೇಶ್ವರದ ಗೋವಿಂದ ಪೈ, ಇನ್ನೊಬ್ಬರು ಬೆಳಗಾವಿ ಸೀಮೆಯ ಸದಲಗದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ. ಪೈ ಅವರ ವಾದದಲ್ಲಿ ಗೊಮ್ಮಟವೆಂದರೆ ಮನ್ಮಥ; ಸಂಸ್ಕೃತದ ಆ ಪದವೇ ಪ್ರಾಕೃತದ ದಾರಿಯಲ್ಲಿ ಸವೆದು ಕೊಂಕಣಿ ಮರಾಠಿಗಳಲ್ಲಿ ಈ ರೂಪಕ್ಕೆ ಬಂತು. ಜೈನ ಪರಂಪರೆಯಲ್ಲಿ ಬಾಹುಬಲಿಯೇ ಕಾಮದೇವರಲ್ಲಿ ಮೊದಲನೆಯವನು. ಆದ್ದರಿಂದ ಹೆಸರು ಮೊದಲಿನಿಂದಲೂ ದೇವರದು, ಮೂರ್ತಿ ಮಾಡಿಸಿದ್ದಕ್ಕಾಗಿ ಚಾವುಂಡರಾಯನಿಗೆ ಆಮೇಲೆ ಗೊಮ್ಮಟರಾಯನೆಂಬ ಹೆಸರು ಬಂತು. ಉಪಾಧ್ಯೆ ಇದನ್ನು ತಲೆಕೆಳಗು ಮಾಡಿದರು. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಹೆಸರು. ಅವನ ದೇವರಾದ್ದರಿಂದ ಮೂರ್ತಿ ಗೊಮ್ಮಟೇಶ್ವರ, ಅಂದರೆ ಗೊಮ್ಮಟನ ಈಶ್ವರ.

ಇಬ್ಬರಲ್ಲಿ ನನ್ನ ಒಲವು ಉಪಾಧ್ಯೆಯವರ ಕಡೆಗೆ. ಮೊದಲ ಕಾರಣ ಧ್ವನಿಯದು. ಮನ್ಮಥಕ್ಕೆ ಪ್ರಾಕೃತ ವೈಯಾಕರಣರು ಕೊಡುವ ರೂಪ ವಮ್ಮಹ. ಅಲ್ಲಿಂದ ಗೊಮ್ಮಟಕ್ಕೆ ಬರಬೇಕಾದರೆ ವಕಾರ ಗಕಾರವಾಗಬೇಕು, ಅಕಾರ ಒಕಾರವಾಗಬೇಕು, ಕೊನೆಯಲ್ಲಿ ಹಕಾರವಿದ್ದ ಕಡೆ ಟಕಾರ ಹುಟ್ಟಬೇಕು. ಮೂರಕ್ಕೂ ಬೇರೆ ಬೇರೆ ಸಮಾಧಾನ ಹುಡುಕಬೇಕಾಗುತ್ತದೆ. ಮರಾಠಿಯ ಗೋಮಟಾ, ಕೊಂಕಣಿಯ ಗೊಮ್ಟೊ ಪದಗಳು ಸುಂದರ ಎಂಬ ಅರ್ಥದಲ್ಲಿ ಇಂದಿಗೂ ಜೀವಂತವಾಗಿರುವಾಗ ಅಷ್ಟು ದೂರ ಸುತ್ತಿಬರುವ ಅಗತ್ಯ ನನಗೆ ಕಾಣುವುದಿಲ್ಲ. ಪೈ ಅವರಂಥ ಕೊಂಕಣಿ ಮನೆಮಾತಿನ ಬಹುಭಾಷಾ ಪಂಡಿತರು ಈ ಪದವನ್ನು ಬಲ್ಲವರೇ. ಅವರು ಅದರ ಮೂಲವನ್ನೂ ಮನ್ಮಥನಲ್ಲಿಯೇ ಹುಡುಕಿದರು. ಗುಮ್ಮಟ ಎಂದರೆ ಗೋಳಗುಮ್ಮಟದ ಗುಮ್ಮಟವಲ್ಲವೆ ಎಂದು ಕೇಳುವವರೂ ಇದ್ದಾರೆ. ಅದು ಗುಂಬದ್ ಎಂಬ ಪಾರಸಿ ಪದ. 10ನೇ ಶತಮಾನದ ಬೆಳಗೊಳಕ್ಕೆ ಅದು ಬರಲು ದಾರಿಯೇ ಇರಲಿಲ್ಲ.

ಎರಡನೆಯ ಕಾರಣ ಇದಕ್ಕಿಂತ ಗಟ್ಟಿಯಾದದ್ದು. ಚಾವುಂಡರಾಯನ ಕಾಲದವರೇ ಆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅವನಿಗಾಗಿ ಬರೆದ ಪ್ರಾಕೃತ ಗ್ರಂಥದ ಹೆಸರು ಗೊಮ್ಮಟಸಾರ. ಜೀವಕಾಂಡ, ಕರ್ಮಕಾಂಡ ಎಂಬ ಎರಡು ಭಾಗದ ಆ ಗ್ರಂಥ ಜೀವ, ಕರ್ಮಗಳ ತತ್ವವಿಚಾರ. ಬಾಹುಬಲಿಗೂ ಅದರ ವಸ್ತುವಿಗೂ ಸಂಬಂಧವಿಲ್ಲ. ಮೂರ್ತಿಯ ಹೆಸರನ್ನು ತತ್ವಗ್ರಂಥಕ್ಕೆ ಇಡಲು ಕಾರಣ ಕಾಣದು; ಕೇಳಿ ಬರೆಸಿಕೊಂಡ ಶಿಷ್ಯನ ಹೆಸರು ಇಡುವುದು ಸಹಜ. ಗ್ರಂಥದ ಕೊನೆಯ ಗಾಥೆಗಳಲ್ಲಿ ಗುರುಗಳು ಮೂರನ್ನು ಹರಸುತ್ತಾರೆ: ಗೊಮ್ಮಟದ ಸೂತ್ರಸಂಗ್ರಹ, ಗೊಮ್ಮಟದ ಬೆಟ್ಟದ ಮೇಲಿನ ಗೊಮ್ಮಟಜಿನ, ಗೊಮ್ಮಟರಾಯ ಮಾಡಿಸಿದ ದಕ್ಷಿಣ ಕುಕ್ಕುಟಜಿನ. ನಡುವಿನ ಗೊಮ್ಮಟಜಿನ ಎಂದರೆ ಇಂದ್ರಗಿರಿಯ ಎದುರಿನ ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯಲ್ಲಿದ್ದ ನೇಮಿನಾಥನ ಪುಟ್ಟ ಮೂರ್ತಿ ಎಂಬುದು ವ್ಯಾಖ್ಯಾನಕಾರರ ವಿವರಣೆ. ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ನಾವು ಇಂದು ಗೊಮ್ಮಟ ಎನ್ನುವ ದೊಡ್ಡ ಮೂರ್ತಿಗೇ ಈ ಗಾಥೆಯಲ್ಲಿ ಆ ಹೆಸರಿಲ್ಲ; ಅದು ಕುಕ್ಕುಟಜಿನ. ಗೊಮ್ಮಟನ ಹೆಸರಿರುವುದು ಮನುಷ್ಯನಿಗೆ, ಆಮೇಲೆ ಅವನಿಗೆ ಸೇರಿದ ಪುಸ್ತಕ, ಬೆಟ್ಟ, ಬಸದಿಯ ಜಿನನಿಗೆ. ಒಬ್ಬನ ಸೊತ್ತಿಗೆಲ್ಲ ಅವನ ಹೆಸರು ಬಳಿದಂತಿದೆ. ಗೊಮ್ಮಟರಾಯನೆಂದರೆ ಚಾವುಂಡರಾಯನೇ ಎಂಬುದರಲ್ಲಿಯೂ ಅನುಮಾನ ಬೇಡ: ಗ್ರಂಥಕ್ಕೆ ಗೊಮ್ಮಟರಾಯ ಬರೆದ ದೇಸಿ ಟೀಕೆಯ ಹೆಸರು ವೀರಮಾರ್ತಂಡಿ ಎಂದು ಅಲ್ಲಿಯೇ ಹೇಳಿದೆ, ವೀರಮಾರ್ತಂಡ ಎಂಬುದು ಚಾವುಂಡರಾಯನ ಬಿರುದು.

ಹಾಗಾದರೆ 978ರಲ್ಲಿ ಚಾವುಂಡರಾಯನೇ ಬರೆದ ಪುರಾಣದಲ್ಲಿ ಆ ಹೆಸರು ಏಕಿಲ್ಲ? ಪೈ ಅವರ ಪಕ್ಷದಲ್ಲಿ ನಿಂತವರು ಹಾಕಬಹುದಾದ ಅತ್ಯಂತ ಬಲವಾದ ಪ್ರಶ್ನೆ ಇದು. ಸಮರಧುರಂಧರ, ರಣರಂಗಸಿಂಗ, ವೈರಿಕುಲಕಾಲದಂಡ, ಸಮರಪರಶುರಾಮ ಎಂದು ಬಿರುದುಗಳ ಸಾಲೇ ಇರುವ ಕಡೆ ಗೊಮ್ಮಟ ಮಾತ್ರ ಕಾಣೆ. ಆದರೆ ಬಿರುದು ಓಲಗದ ಮಾತು, ಗೊಮ್ಮಟ ಓಣಿಯ ಮಾತು. ನಮ್ಮ ಹಳ್ಳಿಗಳಲ್ಲಿಯೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಮನೆಯಲ್ಲಿ ಸೊಸೆ ಮಾವನ ಹೆಸರೆತ್ತಿ ಮಗುವನ್ನು ಕರೆಯುವಂತಿರಲಿಲ್ಲ. ಹೀಗಾಗಿ ಪುಟ್ಟ, ಅಣ್ಣಯ್ಯ, ದೊಡ್ಡಣ್ಣ ಎಂಬ ಕರೆಯುವ ಹೆಸರು ಬೇರೆ, ಪತ್ರದಲ್ಲಿ ಬರೆಯುವ ಹೆಸರು ಬೇರೆ. ನಮ್ಮ ಜಿಲ್ಲೆಯ ಪಹಣಿಯಲ್ಲಿರುವ ಹೆಸರು ಊರಿನಲ್ಲಿ ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲದಿರುವುದು ಇಂದಿಗೂ ಉಂಟು. ಚಾವುಂಡರಾಯನಿಗೆ ಅಣ್ಣ ಎಂಬ ಸಲಿಗೆಯ ಹೆಸರೂ ಇತ್ತು. ಯುದ್ಧದ ಬಿರುದುಗಳನ್ನು ಸಾಲಾಗಿ ಜೋಡಿಸುವ ಕಡೆ ಚೆಲುವ ಎಂಬ ಮುದ್ದಿನ ಹೆಸರು ಬರದಿರುವುದು, ಗುರು ಪ್ರೀತಿಯಿಂದ ಹರಸುವ ಕಡೆ ಅದೇ ಹೆಸರು ಬರುವುದು, ಎರಡೂ ಸರಿಯಾದ ಜಾಗದಲ್ಲಿಯೇ ಇವೆ.

ಮಾಡಿಸಿದವನ ಹೆಸರು ದೇವರಿಗೆ ಬರುವುದು ಈ ಜಿಲ್ಲೆಗೆ ಹೊಸದೇನೂ ಅಲ್ಲ. ಹಾಸನದ ಪಕ್ಕದ ಕೊರವಂಗಲದಲ್ಲಿ 1173ರಲ್ಲಿ ಬೂಚಿ ಎಂಬ ಅಧಿಕಾರಿ ಕಟ್ಟಿಸಿದ ಗುಡಿಯ ದೇವರು ಬೂಚೇಶ್ವರ. ಹಳೇಬೀಡಿನಲ್ಲಿ ಅರಸರ ಹೆಸರಿನ ಹೊಯ್ಸಳೇಶ್ವರ, ರಾಣಿಯ ಹೆಸರಿನ ಶಾಂತಲೇಶ್ವರ. ಗೊಮ್ಮಟೇಶ್ವರ ಈ ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಒಂದು ತೊಡಕಿದೆ, ಅದನ್ನು ಉಪಾಧ್ಯೆಯವರ ಕಡೆಯವರು ಹಗುರವಾಗಿ ದಾಟಿಸಬಾರದು. ಬೂಚೇಶ್ವರನನ್ನು ಯಾರೂ ಬೂಚಿ ಎನ್ನುವುದಿಲ್ಲ. ಈಶ್ವರ ಕಳಚಿದರೆ ದೇವರೇ ಹೋಗಿ ಬರೀ ಅಧಿಕಾರಿ ಉಳಿಯುತ್ತಾನೆ. ಗೊಮ್ಮಟೇಶ್ವರನಾದರೋ 12ನೇ ಶತಮಾನದಲ್ಲಿಯೇ ಬರೀ ಗೊಮ್ಮಟ, ಗೊಮ್ಮಟದೇವ ಆಗಿಬಿಟ್ಟಿದ್ದಾನೆ. ಒಡೆಯನ ಹೆಸರು ದೇವರ ಸ್ವಂತ ಹೆಸರಾದದ್ದು ಹೇಗೆ? ನನ್ನ ಸಮಾಧಾನ ಇದು: ನಿಘಂಟಿನ ಅರ್ಥ ಕೆಲಸ ಮಾಡಿದ್ದು ಈ ಒಂದು ತಿರುವಿನಲ್ಲಿ. ಗೊಮ್ಮಟ ಎಂದರೆ ಚೆಲುವ. ಬೆಟ್ಟದ ಮೇಲೆ ನಿಂತಿದ್ದವನೂ ಚೆಲುವ. ದಂಡನಾಯಕನ ನೆನಪು ಮಸುಕಾದ ಮೇಲೆ ಕೇಳಿದವರಿಗೆ ಆ ಪದ ಒಡೆತನದ ಮುದ್ರೆಯಾಗಿ ಕಾಣಲಿಲ್ಲ, ಮೂರ್ತಿಯ ವರ್ಣನೆಯಾಗಿ ಕಂಡಿತು. ಬೂಚಿಗೆ ಆ ಅದೃಷ್ಟವಿರಲಿಲ್ಲ, ಅವನ ಹೆಸರು ಕಲ್ಲಿನಲ್ಲಿ ಯಾವುದನ್ನೂ ವರ್ಣಿಸುತ್ತಿರಲಿಲ್ಲ. ಬೇಲೂರಿನಲ್ಲಿ ವಿಜಯನಾರಾಯಣನನ್ನು ಚೆನ್ನಕೇಶವ ಬದಿಗೆ ಸರಿಸಿದ್ದೂ ಇದೇ ಬಲದಿಂದ. ಆಮೇಲೆ ಗೊಮ್ಮಟ ಎಂಬುದು ಒಂದು ಬಗೆಯ ಮೂರ್ತಿಗೇ ಹೆಸರಾಯಿತು: 1432ರಲ್ಲಿ ಕಾರ್ಕಳದಲ್ಲಿ ವೀರಪಾಂಡ್ಯ ಮಾಡಿಸಿದ್ದೂ 1604ರಲ್ಲಿ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಮಾಡಿಸಿದ್ದೂ ಗೊಮ್ಮಟನೇ. ಅವರಾರಿಗೂ ಗೊಮ್ಮಟನೆಂಬ ಹೆಸರಿರಲಿಲ್ಲವಲ್ಲ ಎಂದು ಕೇಳಿದರೆ, ಅಷ್ಟು ಹೊತ್ತಿಗೆ ಅದು ಬೇಕಾಗಿಯೂ ಇರಲಿಲ್ಲ.

ಹೆಸರು ಹೀಗೆ ಏರಿ ಇಳಿಯುವುದು ನಮ್ಮ ನಾಡಿನ ವಿಶೇಷವೇನಲ್ಲ. ಪೋಲೆಂಡಿನಲ್ಲಿ ಸ್ತಾನಿಸ್ವಾಫ್ ಎಂಬ ಹಳೆಯ ಸ್ಲಾವ್ ಹೆಸರಿದೆ. ಎರಡು ಪದ ಕೂಡಿದ ಹೆಸರು ಅದು, ಕೊನೆಯ ಭಾಗಕ್ಕೆ ಕೀರ್ತಿ ಎಂದರ್ಥ. ಕ್ರೈಸ್ತಮತಕ್ಕೂ ಹಿಂದಿನ ಬಗೆ. ಕ್ರಾಕುವ್ ನಗರದ ಬಿಷಪ್ ಸ್ತಾನಿಸ್ವಾಫ್ 1079ರಲ್ಲಿ ರಾಜನ ಕೋಪಕ್ಕೆ ಸಿಕ್ಕಿ ಕೊಲೆಯಾದ, 1253ರಲ್ಲಿ ಸಂತನೆಂದು ಘೋಷಿತನಾದ. ಅಲ್ಲಿಂದಾಚೆಗೆ ಪೋಲಿಷ್ ಮನೆಗಳಲ್ಲಿ ಆ ಹೆಸರಿಡುವವರಿಗೆ ಕಾಣುತ್ತಿದ್ದದ್ದು ಸಂತ, ಪದದ ಬಿಡಿಭಾಗಗಳಲ್ಲ. 1662ರಲ್ಲಿ ಆಂದ್ಝೆಯ್ ಪೊತೊತ್ಸ್ಕಿ ಎಂಬ ಸರದಾರ ಒಂದು ಕೋಟೆಪಟ್ಟಣ ಕಟ್ಟಿ ಸ್ತಾನಿಸ್ವಾವೂಫ್ ಎಂದು ಹೆಸರಿಟ್ಟ. ಅದು ತಂದೆಯ ಹೆಸರೋ ಮಗನ ಹೆಸರೋ ಎಂಬ ಚರ್ಚೆ ಇದೆ. ಇಬ್ಬರೂ ಸ್ತಾನಿಸ್ವಾಫ್ ಆದ್ದರಿಂದ ಚರ್ಚೆ ಮುಗಿಯುವ ಲಕ್ಷಣವಿಲ್ಲ. ಮನುಷ್ಯನಿಂದ ಸಂತನಿಗೆ, ಸಂತನಿಂದ ಮಗುವಿಗೆ, ಮಗುವಿನಿಂದ ಊರಿಗೆ: ಗೊಮ್ಮಟನ ಏರಿಕೆ, ಚನ್ನರಾಯನ ಇಳಿಕೆ ಎರಡೂ ಒಂದೇ ಹೆಸರಿನಲ್ಲಿ ನಡೆದಿವೆ. ಆ ಊರು ಈಗ ಉಕ್ರೇನಿನಲ್ಲಿದೆ. 1962ರಲ್ಲಿ ಕವಿ ಇವಾನ್ ಫ್ರಾಂಕೋನ ಹೆಸರು ಪಡೆದು ಇವಾನೊ-ಫ್ರಾಂಕಿವ್ಸ್ಕ್ ಆಯಿತು.

ಕೊನೆಯ ಆಕ್ಷೇಪ ಇಂದಿನದು. ಈಗ ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ ತಂದೆತಾಯಿ ಹೆಸರು ಹುಡುಕುವುದು ಕಿವಿಗೆ ಇಂಪಾಗಿದೆಯೇ, ಅರ್ಥ ಚೆನ್ನಾಗಿದೆಯೇ ಎಂದು ನೋಡಿ. ಮನೆದೇವರ ಹೆಸರು ಜಾತಕದ ಮೂಲೆ ಸೇರಿದೆ. ಹಾಗಾಗಿ ಈ ವಾದ ಹಳೆಯ ಕಾಲಕ್ಕೆ ಮಾತ್ರ ಸಲ್ಲುತ್ತದೆ ಎನ್ನಬಹುದು. ಅರ್ಧ ನಿಜ. ಆದರೆ ಆ ಮಕ್ಕಳ ಹೆಸರಿನ ಹಿಂದಿರುವ ಇನಿಷಿಯಲ್ಲುಗಳನ್ನು ನೋಡಿ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು ಕೋಲಾರದಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ, ಕನ್ನಡಿಗರ ಬಾಯಲ್ಲಿ ಉಳಿದದ್ದು ಅ.ನ.ಕೃ. ಆಗಿ, ಮೊದಲ ಅಕ್ಷರ ಊರಿನದು. ಹೊಳೆನರಸೀಪುರ ಯೋಗಾನರಸಿಂಹ ಶಾರದಾಪ್ರಸಾದ್ ದೆಹಲಿಯಲ್ಲಿ ಪ್ರಧಾನಿಯ ಕಚೇರಿಯಲ್ಲಿದ್ದಾಗಲೂ ಎಚ್.ವೈ. ಎಂಬಲ್ಲಿ ಹೊಳೆದಂಡೆಯ ಊರು, ಅದರ ನರಸಿಂಹ, ಅವನ ಹೆಸರು ಹೊತ್ತ ತಂದೆ ಮೂವರೂ ಜೊತೆಗಿದ್ದರು. ಗೊಮ್ಮಟನ ಹೆಸರೂ ದೇವರಲ್ಲಿಯೇ ನಿಲ್ಲಲಿಲ್ಲ: 15ನೇ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಿಂದ ಬೆಳಗೊಳಕ್ಕೆ ಬಂದು ಬಸದಿಗಳ ಜೀರ್ಣೋದ್ಧಾರ ಮಾಡಿಸಿದ ಶ್ರಾವಕನ ಹೆಸರು ಗುಮ್ಮಟಣ್ಣ. ಅವನ ತಂದೆತಾಯಿಗೆ ಪ್ರಾಕೃತದ ಚರ್ಚೆ ಗೊತ್ತಿರಬೇಕಾಗಿರಲಿಲ್ಲ, ಚಾವುಂಡರಾಯನ ಮುದ್ದಿನ ಹೆಸರೂ ಗೊತ್ತಿದ್ದಿರಲಾರದು. ಬೆಟ್ಟದ ಮೇಲಿನ ದೇವರ ಹೆಸರೆಂದು ಮಗನಿಗೆ ಇಟ್ಟರು. ಲಕ್ಷ್ಮಪ್ಪನಾಯಕ ಮಾಡಿದ್ದೂ ಅದನ್ನೇ, ಆ ಬೆಟ್ಟಕ್ಕೆ ಹತ್ತಿರದಲ್ಲಿಯೇ, ಎರಡು ಶತಮಾನದ ಆಮೇಲೆ.